ಊಟಿಯ ಹಳೇ ಫೋಟೋಗಳಲ್ಲಿ ಮರ ಯಾಕಿಲ್ಲ?

ಊಟಿ ಸುತ್ತಮುತ್ತದ ಸುಮಾರು 150 ವರ್ಷ ಹಳೇ ಫೋಟೋ ಒಂದನ್ನ ಯಾರಿಗಾದ್ರೂ ತೋರಿಸಿ ನೋಡಿ, ಸಾಮಾನ್ಯವಾಗಿ ಎರಡೇ ಥರದ ಮಾತು ಬರುತ್ತೆ. ಒಂದು, "ಅಯ್ಯೋ ಬ್ರಿಟಿಷರು ಅಷ್ಟೊತ್ತಿಗೇ ಕಾಡೆಲ್ಲ ಕಡಿದು ಬೋಳು ಮಾಡ್ಬಿಟ್ಟಿದ್ರಲ್ಲ" ಅಂತ. ಇನ್ನೊಂದು ಅದರ ಉಲ್ಟಾ, "ಆಗ ಬೋಳು ಗುಡ್ಡ, ಈಗ ನೋಡಿ ಎಷ್ಟು ಹಸಿರು, ಪರವಾಗಿಲ್ಲ ಅರಣ್ಯ ಇಲಾಖೆಯವರು ಏನೋ ಕೆಲಸ ಮಾಡಿದಾರೆ" ಅಂತ. ಮೊದಲನೇ ಮಾತಲ್ಲಿ ಸ್ವಲ್ಪ ನಿಜ ಇದೆ. ಎರಡನೇದ್ರಲ್ಲಿ ಇಲ್ಲವೇ ಇಲ್ಲ.

ಯಾಕಂದ್ರೆ ಆ ಫೋಟೋದಲ್ಲಿ ಕಾಣೋ ಬೋಳು ಗುಡ್ಡ ಬೋಳು ಗುಡ್ಡವೇ ಅಲ್ಲ, ಅದು ಹುಲ್ಲುಗಾವಲು, ಅದೂ ಸಾವಿರಾರು ವರ್ಷದಿಂದ ಇದ್ದದ್ದು. ಸ್ವಲ್ಪ ಕಣ್ಣು ಕಿರಿದು ಮಾಡ್ಕೊಂಡು ನೋಡಿದ್ರೆ ಗುಡ್ಡ ಗುಡ್ಡದ ಮಧ್ಯದ ಮಡಿಕೆಗಳಲ್ಲಿ, ನೀರು ಹರಿಯೋ ಸಂದಿಗಳಲ್ಲಿ ಕಪ್ಪು ಕಪ್ಪಾಗಿ ಒತ್ತಾಗಿ ಏನೋ ತುಂಬಿಕೊಂಡಿರುತ್ತೆ, ಅದೇ ಶೋಲಾ ಕಾಡು. ಮೇಲೆ ಹುಲ್ಲು, ಕೊರಕಲಲ್ಲಿ ಕಾಡು. ನೀಲಗಿರಿ, ಪಳನಿ, ಆನೆಮಲೆ ಬೆಟ್ಟಗಳ ತುದಿ ಎಲ್ಲಾ ಹಿಂಗೇ ಇದ್ವು. ನಮ್ಮ ಕುದುರೆಮುಖ, ಬಾಬಾಬುಡನ್‌ಗಿರಿ ಕಡೆ ಹೋದವರಿಗೆ ಈ ನೋಟ ಹೊಸದೇನಲ್ಲ.

ಈ ಹುಲ್ಲುಗಾವಲು ಹೆಂಗೆ ಬಂತು ಅನ್ನೋ ಬಗ್ಗೆ ತುಂಬಾ ವರ್ಷ ಜಗಳ ನಡೀತು. ಮೊದಲು ಎಲ್ಲಾ ಕಡೆ ಕಾಡೇ ಇತ್ತು, ದನ ಎಮ್ಮೆ ಮೇಯಿಸೋರು ಬೆಂಕಿ ಹಾಕಿ ಹಾಕಿ ಹುಲ್ಲು ಮಾಡಿದ್ರು ಅನ್ನೋದು ಒಂದು ವಾದ. ಮೇಲಿನ ಬಯಲಲ್ಲಿ ಚಳಿಗಾಲದಲ್ಲಿ ಹಿಮದ ಇಬ್ಬನಿ ಬಿದ್ದು ಮರದ ಸಸಿಗಳು ಸುಟ್ಟುಹೋಗ್ತವೆ, ಹಂಗಾಗಿ ಅಲ್ಲಿ ಹುಲ್ಲೇ ಸಹಜ ಅನ್ನೋದು ಇನ್ನೊಂದು. ಇದಕ್ಕೆ ಒಳ್ಳೇ ಉತ್ತರ ಸಿಕ್ಕಿದ್ದು ಫೋಟೋದಿಂದ ಅಲ್ಲ, ಕೆಸರಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತೆ ಜೊತೆಗಾರರು ನೀಲಗಿರಿಯ ಜೌಗು ನೆಲದಲ್ಲಿ ಪದರ ಪದರವಾಗಿ ಕೂತಿರೋ ಕೊಳೆತ ಗಿಡಗಂಟೆಯ ಮಣ್ಣನ್ನ ತೆಗೆದು ಅದರಲ್ಲಿರೋ ಕಾರ್ಬನ್ ಪರೀಕ್ಷೆ ಮಾಡಿ 1993ರಲ್ಲಿ ಪ್ರಕಟಿಸಿದ್ರು. ಬಿಸಿಲು ನಾಡಿನ ಹುಲ್ಲುಗಳು ಗಾಳಿಯಿಂದ ಕಾರ್ಬನ್ ಹೀರಿಕೊಳ್ಳೋ ರೀತಿಯೇ ಬೇರೆ, ಮರಗಳದ್ದೇ ಬೇರೆ, ಹಂಗಾಗಿ ಭಾರದ ಕಾರ್ಬನ್ (ಕಾರ್ಬನ್-13) ಎಷ್ಟಿದೆ ಅಂತ ಅಳೆದ್ರೆ ಯಾವ ಪದರ ಹುಲ್ಲಿನ ಕಾಲದ್ದು, ಯಾವುದು ಕಾಡಿನ ಕಾಲದ್ದು ಅಂತ ಹೇಳಬಹುದು. ಸುಮಾರು 20 ಸಾವಿರ ವರ್ಷದ ಲೆಕ್ಕ ಸಿಕ್ತು, ಅದರಲ್ಲಿ ಹವಾಮಾನ ಒಣಗಿದಾಗ ಹುಲ್ಲು ಮುಂದೆ ಬಂದಿದೆ, ಮಳೆ ಜಾಸ್ತಿ ಆದಾಗ ಕಾಡು ಮುಂದೆ ಬಂದಿದೆ. ಅಂದ್ರೆ ಎಮ್ಮೆ ಮೇಯಿಸೋರು ಬರೋದಕ್ಕೂ ಎಷ್ಟೋ ಮುಂಚೆನೇ ಅಲ್ಲಿ ಹುಲ್ಲು ಇತ್ತು. ಬೆಂಕಿ ಹಾಕಿದ್ದು ಸುಳ್ಳಲ್ಲ, ಬೆಂಕಿಯಿಂದ್ಲೇ ಹುಲ್ಲು ಹುಟ್ಟಿತು ಅನ್ನೋದು ಸುಳ್ಳು.

ಇದು ಗೊತ್ತಾದ ಮೇಲೆ ಹಳೇ ಫೋಟೋ ನೋಡೋ ಕಣ್ಣೇ ಬದಲಾಗುತ್ತೆ. ಆದ್ರೂ ಫೋಟೋನ ಪೂರ್ತಿ ನಂಬೋಕಾಗಲ್ಲ, ಯಾಕೆ ಅಂತ ತಿಳಿಯೋಕೆ ಆ ಕಾಲದ ಕ್ಯಾಮೆರಾ ಬಗ್ಗೆ ಸ್ವಲ್ಪ ಹೇಳಬೇಕು.

ಸ್ಯಾಮ್ಯುಯೆಲ್ ಬೋರ್ನ್ ಅಂತ ಒಬ್ಬ ಇಂಗ್ಲಿಷ್ ಫೋಟೋಗ್ರಾಫರ್, ಬೋರ್ನ್ ಅಂಡ್ ಶೆಫರ್ಡ್ ಸ್ಟುಡಿಯೋದವನು, ಹಿಮಾಲಯವನ್ನೆಲ್ಲ ಸುತ್ತಿ ಹೆಸರು ಮಾಡಿದ್ದವನು, 1869ರಲ್ಲಿ ನೀಲಗಿರಿಗೆ ಬಂದ. ಅವನು ಬಳಸ್ತಿದ್ದದ್ದು ವೆಟ್ ಕೊಲೋಡಿಯನ್ ಅನ್ನೋ ವಿಧಾನ. ದೊಡ್ಡ ಗಾಜಿನ ಹಲಗೆಗೆ ಅಂಟು ದ್ರಾವಣ ಹಚ್ಚಿ, ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿ, ಅದು ಒಣಗೋದ್ರೊಳಗೆ ಫೋಟೋ ತೆಗೆದು ಅಲ್ಲೇ ಡೆವಲಪ್ ಮಾಡಬೇಕು, ಅಂದ್ರೆ ಹೋದಲ್ಲೆಲ್ಲ ಕತ್ತಲೆ ಕೋಣೆಯ ಟೆಂಟು, ಗಾಜು, ಕೆಮಿಕಲ್ ಬಾಟ್ಲಿ, ನೀರು, ಇವನ್ನೆಲ್ಲ ಹೊರೋ ಆಳುಗಳ ಸಾಲು. ಹಂಗಾಗಿ ಕ್ಯಾಮೆರಾ ನಿಲ್ಲಿಸ್ತಿದ್ದದ್ದು ಎಲ್ಲಿ ಅಂದ್ರೆ ದಾರಿ ಇದ್ದಲ್ಲಿ, ನೀರು ಹತ್ರ ಇದ್ದಲ್ಲಿ. ಕಣಿವೆ ಒಳಗಿನ ದಟ್ಟ ಶೋಲಾದ ಒಳಚಿತ್ರ ಅಷ್ಟಾಗಿ ಸಿಗದೇ ಇರೋದಕ್ಕೆ ಬೆಳಕು ಕಮ್ಮಿ ಅನ್ನೋದು ಒಂದು ಕಾರಣ, ಈ ಸಾಮಾನಿನ ಭಾರ ಇನ್ನೊಂದು.

ಇದಕ್ಕಿಂತ ಮುಖ್ಯವಾದ ಸಂಗತಿ ಬಣ್ಣದ್ದು. ಕೊಲೋಡಿಯನ್ ಪ್ಲೇಟಿಗೆ ಕಾಣೋದು ನೀಲಿ, ನೇರಳೆ ಬೆಳಕು ಮಾತ್ರ. ಹಸಿರು, ಹಳದಿ, ಕೆಂಪು ಅದಕ್ಕೆ ಹೆಚ್ಚುಕಮ್ಮಿ ಕತ್ತಲೆ ಇದ್ದಂಗೆ. ಇದರಿಂದ ಮೂರು ಮೋಸ ಆಗುತ್ತೆ. ಆಕಾಶ ಪೂರ್ತಿ ಬೆಳ್ಳಗೆ ಬರುತ್ತೆ (ಮೋಡ ಬೇಕಂದ್ರೆ ಬೇರೆ ನೆಗೆಟಿವ್‌ನಿಂದ ತಂದು ಅಂಟಿಸೋ ಅಭ್ಯಾಸವೂ ಆಗ ಇತ್ತು, ಎಡಿಟಿಂಗ್ ಇವತ್ತಿಂದೇನಲ್ಲ). ಶೋಲಾದ ಹಸಿರು ಮರಗಳು ಇದ್ದದ್ದಕ್ಕಿಂತ ಕಪ್ಪಾಗಿ, ಒಂದೇ ಮುದ್ದೆಯಾಗಿ ಕಾಣ್ತವೆ, ಯಾವ ಜಾತಿ ಮರ ಅಂತ ಗುರುತು ಹಿಡಿಯೋದು ಕಷ್ಟ. ಮೂರನೇದು ದೂರದ ಮಂಜು. ಬೆಟ್ಟಗಳ ಮೇಲಿನ ಆ ನೀಲಿ ಮುಸುಕು ಇದ್ಯಲ್ಲ, ನೀಲಿಗೆ ಮಾತ್ರ ಸ್ಪಂದಿಸೋ ಪ್ಲೇಟಲ್ಲಿ ಅದು ದಟ್ಟ ಬಿಳಿ ಪರದೆ ಆಗಿಬಿಡುತ್ತೆ, ಹಿಂದಿನ ಗುಡ್ಡದಲ್ಲಿ ಕಾಡಿದ್ರೂ ಅಳಿಸಿಹೋಗುತ್ತೆ. ಪ್ಲೇಟಿಗೆ ಬಣ್ಣ ಬೆರೆಸಿ ಹಸಿರನ್ನೂ ಕಾಣಿಸೋ ದಾರಿ ಜರ್ಮನಿಯ ಹರ್ಮನ್ ಫೋಗೆಲ್ ಕಂಡುಹಿಡಿದಿದ್ದು 1873ರಲ್ಲಿ, ಅದು ಸಾಮಾನ್ಯ ಬಳಕೆಗೆ ಬಂದಿದ್ದು ಇನ್ನೂ ತಡವಾಗಿ. ಹಂಗಾಗಿ ಅದಕ್ಕೂ ಹಳೇ ಫೋಟೋ ಹಿಡ್ಕೊಂಡು "ಹಿಂದಿನ ಬೆಟ್ಟದಲ್ಲಿ ಒಂದು ಮರಾನೂ ಇರ್ಲಿಲ್ಲ" ಅಂತ ಹೇಳೋ ಹಾಗಿಲ್ಲ. ಹತ್ತಿರದ, ಮಧ್ಯದ ಗುಡ್ಡಗಳ ಬಗ್ಗೆ ಮಾತ್ರ ಧೈರ್ಯವಾಗಿ ಹೇಳಬಹುದು.

ಇನ್ನು ತೆಗೆದವರ ಉದ್ದೇಶ. ಬೋರ್ನ್ ಆಗಲಿ, ನಿಕೋಲಸ್ ಕಂಪನಿಯವರಾಗಲಿ, ಊಟಿಯಲ್ಲೇ ಸ್ಟುಡಿಯೋ ಇಟ್ಕೊಂಡು ದಶಕಗಟ್ಟಲೆ ಕೆಲಸ ಮಾಡಿದ ಎ.ಟಿ.ಡಬ್ಲ್ಯೂ. ಪೆನ್ ಆಗಲಿ, ಇವರೆಲ್ಲ ಫೋಟೋ ಮಾರಿ ಬದುಕ್ತಿದ್ದವರು. ಗಿರಾಕಿ ಯಾರು? ಬೇಸಿಗೆಗೆ ಮದ್ರಾಸಿನ ಸೆಕೆ ತಪ್ಪಿಸಿಕೊಂಡು ಬಂದ ಬಿಳಿಯರು. ಅವರಿಗೆ ಬೇಕಿದ್ದದ್ದು ತಮ್ಮೂರಿನ ಥರ ಕಾಣೋ ಕೆರೆ, ಚರ್ಚು, ಬಂಗಲೆ, ಹುಲ್ಲಿನ ದಿಣ್ಣೆ. 1819ರಲ್ಲಿ ಕೊಯಮತ್ತೂರು ಕಲೆಕ್ಟರ್ ಜಾನ್ ಸಲಿವನ್ ಬೆಟ್ಟ ಹತ್ತಿ ಬಂದು ಆಮೇಲೆ ಊಟಿ ಕಟ್ಟಿದ್ನಲ್ಲ, ಆ ಊರಿನ ಕೆರೆ ಕೂಡ ಅವನ ಕಾಲದಲ್ಲೇ ಕಟ್ಟೆ ಹಾಕಿ ನಿಲ್ಲಿಸಿದ್ದು. ಹಳೇ ಫೋಟೋಗಳಲ್ಲಿ ಆ ಕೆರೆ ಈಗಿಂದಕ್ಕಿಂತ ಎಷ್ಟೋ ದೊಡ್ಡದು, ರೇಸ್ ಕೋರ್ಸ್, ಬಸ್ ಸ್ಟ್ಯಾಂಡ್ ಇರೋ ಕಡೆಯೆಲ್ಲ ಒಂದು ಕಾಲಕ್ಕೆ ಕೆರೆಯ ಜಾಗವೇ. ಊರು ಹೆಂಗೆ ಬೆಳೀತು ಅನ್ನೋದಕ್ಕೆ ಈ ಫೋಟೋಗಳಷ್ಟು ಒಳ್ಳೇ ಸಾಕ್ಷಿ ಇಲ್ಲ, ಆದ್ರೆ ಅವು ಹೇಳೋದು ಊರಿನ ಒಂದು ಪಾಲಿನ ಕಥೆ ಮಾತ್ರ, ಕೂಲಿ ಕೇರಿಯೂ ಸಂತೆಯೂ ಆಲ್ಬಮ್ಮಿಗೆ ಹೋಗ್ತಿದ್ದದ್ದು ಅಪರೂಪ.

ಬೆಟ್ಟದ ಜನರ ಫೋಟೋ ಇವೆ, ಬೇಕಾದಷ್ಟಿವೆ, ಅವುಗಳ ಕಥೆ ಬೇರೆ. ನೀಲಗಿರಿಯ ಮೊದಲ ಕಮಿಷನರ್ ಜೇಮ್ಸ್ ಬ್ರೀಕ್ಸ್ ಬರೆದ ಬುಡಕಟ್ಟುಗಳ ವಿವರಣೆ 1873ರಲ್ಲಿ ಫೋಟೋ ಸಮೇತ ಪ್ರಕಟ ಆಯ್ತು. ಆ ಕಾಲದ ಇಂಥ ಫೋಟೋಗಳಲ್ಲಿ ಎಮ್ಮೆ ಸಾಕೋ ತೋಡರದ್ದೇ ಸಿಂಹಪಾಲು. ಅರ್ಧ ಪೀಪಾಯಿ ಮಗುಚಿಟ್ಟಂಗಿರೋ ಗುಡಿಸಲು, ಸುಮಾರು 10 ಅಡಿ ಎತ್ತರ, 18 ಅಡಿ ಉದ್ದ, ತೆವಳಿಕೊಂಡೇ ಒಳಗೆ ಹೋಗಬೇಕಾದ ಪುಟ್ಟ ಬಾಗಿಲು, ಮುಂದೆ ಸಾಲಾಗಿ ನಿಂತ ಜನ. ಎಕ್ಸ್‌ಪೋಶರ್ ಎಷ್ಟೋ ಸೆಕೆಂಡ್ ಹಿಡೀತಿದ್ದರಿಂದ ಎಲ್ಲರೂ ಕಲ್ಲಿನಂಗೆ ನಿಲ್ಲಲೇಬೇಕಿತ್ತು, ಆ ಬಿಗಿ ಮುಖಗಳನ್ನ ನೋಡಿ "ಗಂಭೀರ ಸ್ವಭಾವದ ಜನಾಂಗ" ಅಂತೆಲ್ಲ ಬರೆಯೋದು ಶುದ್ಧ ತಮಾಷೆ, ಅಲ್ಲಾಡಿದ್ರೆ ಫೋಟೋ ಹಾಳಾಗ್ತಿತ್ತು ಅಷ್ಟೇ. ಎಮ್ಮೆಗಳಿಗೆ ಇದನ್ನ ಹೇಳೋಕಾಗಲ್ವಲ್ಲ, ಅವು ಮಸುಕಾಗಿ ಎರಡು ತಲೆ ಇದ್ದಂಗೆ ಬಂದ್ಬಿಡ್ತವೆ, ಇಲ್ಲಾ ಕಾಣೋದೇ ಇಲ್ಲ. ತೋಡರ ಬದುಕೆಲ್ಲ ಎಮ್ಮೆ ಸುತ್ತಾನೇ ಇದ್ರೂ ಹಳೇ ಫೋಟೋದಲ್ಲಿ ಎಮ್ಮೆ ಹಿಂಡು ಚೆನ್ನಾಗಿ ಸಿಗೋದು ಕಷ್ಟ.

ಇನ್ನೊಂದು ವಿಷಯ ಇದೆ, ಬಹಳ ಜನ ಗಮನಿಸಲ್ಲ. ತೋಡರು ವರ್ಷವಿಡೀ ಒಂದೇ ಮಂದಿನಲ್ಲಿ (ಮಂದು ಅಂದ್ರೆ ಅವರ ಪುಟ್ಟ ಊರು) ಇರ್ತಿರಲಿಲ್ಲ. ಬೇಸಿಗೆಯಲ್ಲಿ ಇಲ್ಲಿ ಹುಲ್ಲು ಒಣಗಿದ್ರೆ ಎಮ್ಮೆ ಹೊಡ್ಕೊಂಡು ಪಶ್ಚಿಮದ ಕುಂದಾ ಕಡೆ ಇರೋ ಇನ್ನೊಂದು ಮಂದಿಗೆ ಹೋಗ್ತಿದ್ರು. ಬಿಳಿಯರು ಊಟಿಗೆ ಬರ್ತಿದ್ದದ್ದೂ ಬೇಸಿಗೆಯಲ್ಲೇ. ಹಂಗಾಗಿ ಖಾಲಿ ಗುಡಿಸಲು, ಖಾಲಿ ಬಯಲು ಇರೋ ಫೋಟೋ ನೋಡಿದ್ರೆ ಊರು ಬಿಟ್ಟು ಹೋಗಿದಾರೆ ಅಂದ್ಕೋಬೇಡಿ, ಮೇವಿಗೆ ಹೋಗಿರಬಹುದು. ಈ ಖಾಲಿತನದ ನೋಟ ಬರೀ ಫೋಟೋಗ್ರಾಫರ್‌ದಲ್ಲ, ಸರ್ಕಾರದ್ದೂ ಹೌದು. ಹುಲ್ಲುಗಾವಲು ಅಂದ್ರೆ ಲೆಕ್ಕಪತ್ರದಲ್ಲಿ ಪಾಳು ಭೂಮಿ. ಪಾಳು ಭೂಮಿ ಅಂದ್ಮೇಲೆ ಏನಾದ್ರೂ ನೆಡಲೇಬೇಕಲ್ಲ.

ಬಡಗರ ಹಟ್ಟಿಗಳು ಫೋಟೋದಲ್ಲಿ ಬೇಗ ಗುರುತು ಸಿಗ್ತವೆ, ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು, ಸುತ್ತ ಪಟ್ಟಿ ಪಟ್ಟಿಯಾಗಿ ಹೊಲ. ಮೈಸೂರು ಸೀಮೆ ಕಡೆಯಿಂದ ಕೆಲವು ಶತಮಾನದ ಹಿಂದೆ ಬೆಟ್ಟ ಹತ್ತಿದವರು, ಅವರ ಮಾತು ಕನ್ನಡಕ್ಕೆ ತುಂಬಾ ಹತ್ತಿರ, ಊಟಿ ಪ್ರವಾಸಕ್ಕೆ ಹೋದಾಗ ಅಂಗಡೀಲಿ ಅವರವರೇ ಮಾತಾಡ್ಕೊಳೋದು ಅರ್ಧಂಬರ್ಧ ಅರ್ಥ ಆಗಿ ನಾವು ಬೆರಗಾಗೋದು ಇದಕ್ಕೇ. ಸಾಮೆ, ಕೊರಲೆ ಬೆಳೆದು ಆಮೇಲೆ ಕೆಲವು ವರ್ಷ ಹೊಲ ಬೀಳು ಬಿಡೋ ಪದ್ಧತಿ ಅವರದ್ದು. ಹಳೇ ಫೋಟೋದಲ್ಲಿ ಈ ಬೀಳು ಹೊಲವೂ ಹುಲ್ಲುಗಾವಲೂ ಒಂದೇ ಥರ ಕಾಣುತ್ತೆ, ತಜ್ಞರೇ ಎಡವೋ ಜಾಗ ಇದು. ಗುಡ್ಡದ ಮೇಲೆ ನೇಗಿಲ ಸಾಲಿನ ಗೆರೆ, ಕಲ್ಲು ಗುಪ್ಪೆ, ಬದು ಏನಾದ್ರೂ ಇದ್ಯಾ ಅಂತ ದೊಡ್ಡದು ಮಾಡಿ ನೋಡಬೇಕು. ಗಾಜಿನ ನೆಗೆಟಿವ್‌ಗಳ ಒಂದು ಒಳ್ಳೇ ಗುಣ ಅಂದ್ರೆ ಇದೇ, 10 ಇಂಚು 12 ಇಂಚಿನಷ್ಟು ದೊಡ್ಡ ಪ್ಲೇಟು, ಚೆನ್ನಾಗಿ ಸ್ಕ್ಯಾನ್ ಮಾಡಿದ್ರೆ ದೂರದ ಬೇಲಿ ಗೂಟಾನೂ ಎಣಿಸಬಹುದು.

ಫೋಟೋ ಯಾವ ವರ್ಷದ್ದು ಅನ್ನೋದೂ ಸುಲಭ ಇಲ್ಲ. ಬೋರ್ನ್ 1870ರಲ್ಲಿ ಇಂಡಿಯಾ ಬಿಟ್ಟು ಹೋದ, ಆದ್ರೆ ಅವನ ನೆಗೆಟಿವ್‌ಗಳಿಂದ ಸ್ಟುಡಿಯೋದವರು ಆಮೇಲೂ ಎಷ್ಟೋ ವರ್ಷ ಪ್ರಿಂಟ್ ಹಾಕಿ ಮಾರ್ತಾನೇ ಇದ್ರು. ಆಲ್ಬಮ್ ಮೇಲೆ 1885 ಅಂತ ಬರೆದಿದ್ರೆ ಅದು ಕೊಂಡ ವರ್ಷ ಇರಬಹುದು, ತೆಗೆದ ವರ್ಷ ಅಲ್ಲ. ಆಗ ಒಳಗಿನ ಗುರುತು ಹುಡುಕಬೇಕು. ರೈಲು ಹಳಿ ಇದ್ಯಾ? ಮೆಟ್ಟುಪಾಳ್ಯದಿಂದ ಕೂನೂರಿಗೆ ರೈಲು ಬಂದಿದ್ದು 1899ರಲ್ಲಿ, ಊಟಿವರೆಗೆ 1908ರಲ್ಲಿ. ಪೈಕಾರದಲ್ಲಿ ಕರೆಂಟ್ ಹುಟ್ಟಿದ್ದು 1932ರಲ್ಲಿ, ಕಂಬ ತಂತಿ ಕಂಡ್ರೆ ಅದೂ ಒಂದು ಸುಳಿವು. ಇವೆಲ್ಲಕ್ಕಿಂತ ಒಳ್ಳೇ ಗಡಿಯಾರ ಅಂದ್ರೆ ನೀಲಗಿರಿ ಮರವೇ.

ನಾವು ನೀಲಗಿರಿ ಅಂತಾನೇ ಕರೆಯೋ ಈ ಮರ ಆಸ್ಟ್ರೇಲಿಯಾದ್ದು, ಊಟಿ ಕಡೆ ನೆಟ್ಟಿದ್ದು 1843ರ ಸುಮಾರಿಗೆ. ವ್ಯಾಟಲ್ ಅನ್ನೋ ಅಕೇಶಿಯಾ ಜಾತಿಗಳೂ ಹೆಚ್ಚುಕಮ್ಮಿ ಅದೇ ಕಾಲದವು. ಕಾರಣ ಸೌದೆ. ಬೆಟ್ಟದ ಚಳಿಗೆ ಪ್ರತಿ ಬಂಗಲೆಯಲ್ಲೂ ಒಲೆ, 1850ರ ದಶಕದಲ್ಲಿ ಕೂನೂರಿನ ಪಕ್ಕ ವೆಲ್ಲಿಂಗ್ಟನ್ ಸೈನ್ಯದ ಬ್ಯಾರಕ್ಸ್ ಬೇರೆ ಶುರುವಾಯ್ತು, ಹತ್ತಿರದ ಶೋಲಾಗಳೆಲ್ಲ ಸೌದೆಯಾಗಿ ಹೋದ್ವು. ಬ್ರಿಟಿಷರು ಕಾಡು ಕಡಿದ್ರು ಅನ್ನೋ ಮೊದಲನೇ ಮಾತಲ್ಲಿ ಸ್ವಲ್ಪ ನಿಜ ಇದೆ ಅಂದಿದ್ದು ಇದಕ್ಕೆ. ಆಮೇಲೆ ಶೋಲಾದ ಕಪ್ಪು ಮಣ್ಣಿನ ಮೇಲೆ ಕಣ್ಣು ಬಿತ್ತು, 1860ರಿಂದ ಕ್ವಿನೈನ್ ಔಷಧಿಗೋಸ್ಕರ ಸಿಂಕೋನಾ ನೆಟ್ಟರು, ದೊಡ್ಡಬೆಟ್ಟ, ನಡುವಟ್ಟಂ ಕಡೆ, ಆಮೇಲೆ ಟೀ. ಶೋಲಾ ಉಳಿಸೋಕೆ ಅಂತ ಹುಲ್ಲುಗಾವಲಿನ ಮೇಲೆ ಬೇಗ ಬೆಳೆಯೋ ನೀಲಗಿರಿ ನೆಡೋಣ ಅಂದಿದ್ದು ಆಗಿನ ಲೆಕ್ಕದಲ್ಲಿ ಬುದ್ಧಿವಂತಿಕೆಯೇ. 1860, 70ರ ಫೋಟೋಗಳಲ್ಲಿ ಬಂಗಲೆ ಸುತ್ತ ಸಣಕಲಾಗಿ ನೇರ ನಿಂತ ಗಿಡಗಳು ಕಾಣ್ತವಲ್ಲ, ಅದರ ಎತ್ತರ ನೋಡಿ ಫೋಟೋದ ವಯಸ್ಸು ಅಂದಾಜು ಮಾಡಬಹುದು, ವರ್ಷಕ್ಕೆ ಆಳುದ್ದ ಬೆಳೆಯೋ ಮರ ಅದು. ಆದ್ರೆ ನಿಜವಾದ ಬದಲಾವಣೆ ಆಗಿದ್ದು ಬ್ರಿಟಿಷರ ಕಾಲದಲ್ಲಿ ಅಲ್ಲ, ಸ್ವಾತಂತ್ರ್ಯ ಬಂದ ಮೇಲೆ. ಚರ್ಮ ಹದ ಮಾಡೋ ತೊಗಟೆಗೆ, ರೇಯಾನ್ ನೂಲಿನ ಪಲ್ಪ್‌ಗೆ ಅಂತ ಗುಡ್ಡಗಟ್ಟಲೆ ವ್ಯಾಟಲ್, ನೀಲಗಿರಿ, ಪೈನ್ ನೆಟ್ಟಿದ್ದು ಆಗ. ವ್ಯಾಟಲ್ ಬೀಜ ಮಣ್ಣಲ್ಲಿ ದಶಕಗಟ್ಟಲೆ ಸಾಯದೆ ಇರುತ್ತೆ, ಕಡಿದ್ರೆ, ಬೆಂಕಿ ಬಿದ್ರೆ ಇನ್ನೂ ಜೋರಾಗಿ ಎದ್ದು ನೆಡದ ಜಾಗಕ್ಕೂ ನುಗ್ಗುತ್ತೆ. ಕುಂದಾ, ಪೈಕಾರ ಯೋಜನೆಗಳ ಅಣೆಕಟ್ಟುಗಳು ಇನ್ನೊಂದಷ್ಟು ಹುಲ್ಲುಗಾವಲನ್ನ, ಜೌಗು ನೆಲವನ್ನ ಮುಳುಗಿಸಿದ್ವು, ಪೋರ್ತಿಮಂದು ಜಲಾಶಯ ಅಂತ ಹೆಸರಲ್ಲೇ ಮಂದು ಉಳ್ಕೊಂಡಿದೆ.

ಪಕ್ಕದ ಪಳನಿ ಬೆಟ್ಟದಲ್ಲಿ ಸ್ಯಾಟಲೈಟ್ ಚಿತ್ರ ಇಟ್ಕೊಂಡು ಅಳೆದು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ದಶಕದಲ್ಲಿ ಹುಲ್ಲುಗಾವಲಿನ ಮೂರರಲ್ಲಿ ಎರಡು ಪಾಲು ಹೋಗಿದೆ, ಮುಖ್ಯವಾಗಿ ನೆಡುತೋಪು ಮತ್ತೆ ಬೇಸಾಯಕ್ಕೆ. ಸ್ಯಾಟಲೈಟ್ ಲೆಕ್ಕದ ತೊಂದರೆ ಏನಂದ್ರೆ ಅದು 1970ರ ದಶಕದಿಂದ ಶುರು, ಅದಕ್ಕೂ ಮೊದಲು ಬೇಕಂದ್ರೆ ಅಮೆರಿಕದವರ ಕೊರೋನಾ ಬೇಹುಗಾರಿಕೆ ಉಪಗ್ರಹಗಳು 1960ರಿಂದ 72ರವರೆಗೆ ತೆಗೆದ ಚಿತ್ರಗಳಿವೆ (1995ರಲ್ಲಿ ಸಾರ್ವಜನಿಕರಿಗೆ ಬಿಟ್ಟರು, ಕಾಯಿಲೆಗೂ ಇದಕ್ಕೂ ಸಂಬಂಧ ಇಲ್ಲ). ಅದಕ್ಕೂ ಹಿಂದೆ ಹೋಗಬೇಕಂದ್ರೆ ಬೋರ್ನ್, ಪೆನ್ ಇವರ ಗಾಜಿನ ಪ್ಲೇಟೇ ಗತಿ.

ಹಳೇ ಫೋಟೋದ ಜಾಗವನ್ನೇ ಹುಡುಕಿ ಅದೇ ಕೋನದಲ್ಲಿ ಮತ್ತೆ ತೆಗೆಯೋದು ಒಂದು ವಿಜ್ಞಾನವೇ ಆಗಿದೆ. ಶುರುವಾಗಿದ್ದು 1880ರ ದಶಕದ ಕೊನೆಗೆ, ಆಲ್ಪ್ಸ್‌ನ ಹಿಮನದಿಗಳನ್ನ ಅಳೆಯೋಕೆ ಜರ್ಮನಿಯ ಸೆಬಾಸ್ಟಿಯನ್ ಫಿನ್‌ಸ್ಟರ್‌ವಾಲ್ಡರ್ ಮಾಡಿದ ಕೆಲಸದಿಂದ. ಕೆನಡಾದವರು ಇದನ್ನ ದೊಡ್ಡ ಮಟ್ಟದಲ್ಲಿ ಮಾಡ್ತಿದಾರೆ, ಅವರ ಅದೃಷ್ಟ ಏನಂದ್ರೆ ಅಲ್ಲಿ ಹಳೇ ಫೋಟೋ ತೆಗೆದವರು ಸರ್ವೇಯರ್‌ಗಳು. 1915ರಲ್ಲಿ ಎಂ.ಪಿ. ಬ್ರಿಡ್ಜ್‌ಲ್ಯಾಂಡ್ ತಂಡ ಜಾಸ್ಪರ್ ಪಾರ್ಕ್‌ನ 92 ತಾಣಗಳಿಂದ 735 ಫೋಟೋ ತೆಗೀತು, ನಕ್ಷೆ ಮಾಡೋಕೆ, ಚಂದ ಕಾಣ್ಲಿ ಅಂತಲ್ಲ. ಎಲ್ಲಾ ದಿಕ್ಕಿಗೂ ಕ್ಯಾಮೆರಾ ತಿರುಗಿಸಿದ್ರಿಂದ ಆಯ್ಕೆಯ ಮೋಸ ಕಮ್ಮಿ. ಎಂಬತ್ತು ವರ್ಷ ಆದ್ಮೇಲೆ ಅದೇ ಜಾಗಗಳಿಂದ ಮತ್ತೆ ತೆಗೆದು ನೋಡಿದ್ರೆ ಅಲ್ಲೂ ಹುಲ್ಲು, ತೆರೆದ ಕಾಡು ಕಮ್ಮಿಯಾಗಿ ಒತ್ತಾದ ಸೂಚಿಪರ್ಣ ಕಾಡು ಜಾಸ್ತಿಯಾಗಿತ್ತು. ನೀಲಗಿರಿಯ ಹಳೇ ಫೋಟೋಗಳನ್ನ ಹಂಗೆ ನೇರವಾಗಿ ಶೇಕಡಾ ಲೆಕ್ಕಕ್ಕೆ ಇಳಿಸೋಕಾಗಲ್ಲ, ಮಾರಾಟಕ್ಕೆ ತೆಗೆದ ಫೋಟೋ ಅವು.

ಆದ್ರೂ ಜಾಗ ಹುಡುಕೋ ವಿಧಾನ ಒಂದೇ. ಬೆಟ್ಟದ ಸಾಲಿನ ಗೆರೆ 150 ವರ್ಷದಲ್ಲಿ ಬದಲಾಗಲ್ಲ, ಅದನ್ನ ಮೊದಲು ಗುರುತಿಸ್ಬೇಕು. ಆಮೇಲೆ ಹತ್ತಿರದ ಬಂಡೆಯೋ ದಿಣ್ಣೆಯೋ ದೂರದ ಯಾವ ತುದಿಯ ನೇರಕ್ಕೆ ಬರುತ್ತೆ ಅಂತ ನೋಡ್ಬೇಕು, ನೀವು ಎಡಕ್ಕೆ ಹೋದ್ರೆ ಬಂಡೆ ಬಲಕ್ಕೆ ಸರಿಯುತ್ತೆ, ಇಂಥ ಎರಡು ಜೋಡಿ ಒಟ್ಟಿಗೆ ಸರಿ ಕೂತ್ರೆ ಕ್ಯಾಮೆರಾ ನಿಂತ ಜಾಗ ಅದೇ. ಕಂಪ್ಯೂಟರ್‌ನಲ್ಲಿ ಬೆಟ್ಟದ ಎತ್ತರದ ನಕ್ಷೆ ಹಾಕಿ ಓರೆ ಫೋಟೋವನ್ನ ನಕ್ಷೆ ಮೇಲೆ ಹಾಸೋ ಸಾಫ್ಟ್‌ವೇರ್‌ಗಳೂ ಬಂದಿವೆ. ಪ್ಲಾಂಟೇಶನ್ ಬೆಳೆದ ಕಡೆ ಇಷ್ಟೆಲ್ಲ ಮಾಡಿದ್ರೂ ಒಮ್ಮೊಮ್ಮೆ ಫೋಟೋ ತೆಗೆಯೋಕೆ ಆಗಲ್ಲ, ಜಾಗ ಸಿಕ್ಕಿರುತ್ತೆ ಆದ್ರೆ ಎದುರಿಗೆ ಮರ ನಿಂತು ಏನೂ ಕಾಣಲ್ಲ. ಅದನ್ನೇ ಹಾಗೇ ತೆಗೆದಿಡೋದು ವಾಸಿ, ಅದೂ ಒಂದು ದಾಖಲೆ. ಹಾಗೇ ಊಟಿಯಲ್ಲಿ ಶೂಟಿಂಗ್ ಆದ ಹಳೇ ಸಿನಿಮಾ ಹಾಡುಗಳನ್ನೂ ಈ ಲೆಕ್ಕಕ್ಕೆ ಸೇರಿಸ್ಕೋಬೇಕು ಅನ್ನೋದು ನನ್ನ ವಾದ, ನಗಬೇಡಿ, ಹೀರೋ ಹೀರೋಯಿನ್ ಹಿಂದೆ ಊಟಿ ಪಕ್ಕದ ವೆನ್ಲಾಕ್ ಡೌನ್ಸ್ ಬಯಲಿನ ಹುಲ್ಲು ಕಲರ್‌ನಲ್ಲಿ ಸಿಗುತ್ತೆ, ರಿಲೀಸ್ ವರ್ಷ ಸಮೇತ.

ಫೋಟೋದಲ್ಲಿ ಕಾಣದೇ ಇರೋದು ನೀರು. ನೀಲಗಿರಿ ಬೆಟ್ಟದ ಗ್ಲೆನ್‌ಮಾರ್ಗನ್‌ನಲ್ಲಿ ವಿಜ್ಞಾನಿಗಳು ಎರಡು ಅಕ್ಕಪಕ್ಕದ ಕಣಿವೆ ತಗೊಂಡು ಒಂದನ್ನ ಹುಲ್ಲಾಗೇ ಬಿಟ್ಟು, ಇನ್ನೊಂದರ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ 1972ರಲ್ಲಿ ನೀಲಗಿರಿ ನೆಟ್ಟು, ಹರಿದು ಬರೋ ನೀರು ಅಳೆದ್ರು. ಮೊದಲ ಹತ್ತು ವರ್ಷದಲ್ಲಿ ಶೇ. 16ರಷ್ಟು ನೀರು ಕಮ್ಮಿಯಾಯ್ತು, ಕಡಿದ ಮೇಲೆ ಚಿಗುರಿದ ಎರಡನೇ ಸುತ್ತಲ್ಲಿ ಇನ್ನೂ ಜಾಸ್ತಿ ಕಮ್ಮಿಯಾಯ್ತು. ಹಸಿರು ಜಾಸ್ತಿ, ಹಳ್ಳದಲ್ಲಿ ನೀರು ಕಮ್ಮಿ. ಹುಲ್ಲನ್ನೇ ನಂಬಿರೋ ನೀಲಗಿರಿ ಥಾರ್ ಅನ್ನೋ ಕಾಡಾಡು ಈಗ ನೀಲಗಿರಿಯಲ್ಲಿ ಹೆಚ್ಚಾಗಿ ಮುಕುರ್ತಿ ರಾಷ್ಟ್ರೀಯ ಉದ್ಯಾನದ ಕಡೆಗೇ ಸರಿದು ಕೂತಿದೆ, ಆ 78 ಚದರ ಕಿಲೋಮೀಟರ್ ಚಿಲ್ಲರೆ ಜಾಗದಲ್ಲೂ ವ್ಯಾಟಲ್ ಇದೆ.

ಈಗ ತಮಿಳುನಾಡಿನಲ್ಲಿ ವ್ಯಾಟಲ್ ತೆಗೆದು ಹುಲ್ಲು ವಾಪಸ್ ತರೋ ಕೆಲಸ ಅಲ್ಲಲ್ಲಿ ನಡೀತಿದೆ, ಕೋರ್ಟೂ ವಿದೇಶಿ ಮರ ತೆಗೀರಿ ಅಂತ ಹೇಳಿದೆ. ಎಲ್ಲಿ ಹುಲ್ಲಿತ್ತು, ಎಲ್ಲಿ ಶೋಲಾ ಇತ್ತು ಅನ್ನೋ ಪ್ರಶ್ನೆಗೆ ಹಳೇ ಫೋಟೋ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತೆ. ತೊಡಕು ಬರೋದು ಯಾವ ವರ್ಷದ ಫೋಟೋ ಹಿಡ್ಕೊಳೋದು ಅನ್ನೋದ್ರಲ್ಲಿ. 1869 ಅಂದ್ರೆ ಅಷ್ಟೊತ್ತಿಗೆ ಸಲಿವನ್ ಬಂದು 50 ವರ್ಷ ಆಗಿತ್ತು, ಊಟಿ ಹತ್ತಿರದ ಶೋಲಾ ಆಗಲೇ ಸವೆದಿತ್ತು, ಅದನ್ನೇ ಮೂಲ ಅಂದ್ಕೊಂಡ್ರೆ ಶೋಲಾಗೆ ಅನ್ಯಾಯ. ಅದರ ಮೇಲೆ ಇನ್ನೊಂದು ಇದೆ, ಹಳೇ ವ್ಯಾಟಲ್ ತೋಪಿನ ನೆರಳಲ್ಲಿ ಕೆಲವು ಕಡೆ ಶೋಲಾ ಸಸಿಗಳು ತಾವಾಗೇ ಎದ್ದಿವೆ, ಹಿಮದಿಂದ ಮೇಲಿನ ಮರ ಕಾಪಾಡಿದೆ. ಅಂಥ ಕಡೆ ಕಡಿದ್ರೆ ಹುಲ್ಲಿನ ಬದಲು ಮತ್ತೆ ವ್ಯಾಟಲ್ಲೇ ಬರಬಹುದು, ಬಿಟ್ರೆ ಯಾವತ್ತೂ ಶೋಲಾ ಇಲ್ಲದಿದ್ದ ಗುಡ್ಡದ ನೆತ್ತಿ ಮೇಲೆ ಶೋಲಾ ಬೆಳೆಯುತ್ತೆ. ಕಾಡಿನ ಪರ ಇರೋರು ಬಿಡಿ ಅಂತಾರೆ, ಹುಲ್ಲಿನ ಪರ ಇರೋರು ಕಡೀರಿ ಅಂತಾರೆ. ನನ್ನ ಕೇಳಿದ್ರೆ ಇನ್ನೂ ಹುಲ್ಲು ಉಳಿದಿರೋ ಕಡೆ ನುಗ್ತಿರೋ ಎಳೇ ವ್ಯಾಟಲ್‌ನ ಮೊದಲು ಕಿತ್ತುಹಾಕಲಿ, ಹಳೇ ತೋಪಿನ ಜಗಳ ಆಮೇಲೆ ನೋಡ್ಕೊಳೋಣ.